ಜನವರಿ 26ರ ಭಾಷಣದಲ್ಲಿ ಮೇಜರ್ ಹೋಶಿಯಾರ್ ಸಿಂಗ್ ಕಥೆ ಹೇಳುವುದು ಹೇಗೆ

ಭಾಷಣ ಬರೆದಾಗಿದ್ದರೆ ಮೊದಲು ಒಂದು ಪೆನ್ಸಿಲ್ ತಗೊಳ್ಳಿ. "ಕೆಚ್ಚೆದೆಯ ಕಲಿ", "ಸಿಂಹದಂತೆ ಘರ್ಜಿಸಿ", "ರಕ್ತದ ಕೋಡಿ" ಇವನ್ನೆಲ್ಲ ಹೊಡೆದುಹಾಕಿ. ನಾನು ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿದ್ದು ಬಂದವನು. ಜನವರಿ ಬಂತು ಅಂದರೆ ಮೂಡಿಗೆರೆ ಸುತ್ತಿನ ಶಾಲೆ ಮಕ್ಕಳು "ಮಿಲ್ಟ್ರಿ ಅಜ್ಜ, ಒಂಚೂರು ನೋಡಿಕೊಡಿ" ಅಂತ ಹಾಳೆ ಹಿಡಿದು ಬರುತ್ತಾರೆ. ಹಾಳೆ ತುಂಬ ಹೊಗಳಿಕೆ. ಆ ಮನುಷ್ಯ ಏನು ಮಾಡಿದರು ಅನ್ನೋದು ಮಾತ್ರ ಒಂದು ಸಾಲು.

ಐದು ನಿಮಿಷಕ್ಕೆ ಒಬ್ಬರೇ ಸಾಕು. ನಾನು ಜಾಸ್ತಿ ಹೇಳಿಸುವುದು ಹೋಶಿಯಾರ್ ಸಿಂಗ್ ಅವರ ಕಥೆ. ಹರಿಯಾಣದವರು, 3 ಗ್ರೆನೇಡಿಯರ್ಸ್ ಪಲ್ಟನ್ನಿನ ಕಂಪನಿ ಕಮಾಂಡರ್. ಹುಟ್ಟು, ಓದು ಎಲ್ಲ ಬೇಡ, ನೇರ ಬಸಂತರ್ ನದಿಗೆ ಬನ್ನಿ.

ಪಶ್ಚಿಮ ಗಡಿಯ ಶಕರ್‌ಗಢ ಸೆಕ್ಟರ್, ಪಾಕಿಸ್ತಾನದ ಜೊತೆ ಯುದ್ಧ, 1971ರ ಡಿಸೆಂಬರ್ 15. ನದಿಯಾಚೆ ಜರ್ಪಾಲ್ ಅನ್ನೋ ಜಾಗ ಹಿಡಿಯಬೇಕು ಅಂತ ಇವರ ಕಂಪನಿಗೆ ಹುಕುಂ. ಎರಡೂ ಪಕ್ಕದಿಂದ ಶತ್ರುವಿನ ಮಷಿನ್ ಗನ್ ಬೆಂಕಿ. ಕೈಕೈ ಮಿಲಾಯಿಸಿಯೇ ಜಾಗ ಹಿಡಿದರು. ಮಾರನೇ ದಿನ ಶತ್ರು ಮೂರು ಸಲ ತಿರುಗಿ ಬಿದ್ದ, ಅದರಲ್ಲಿ ಎರಡು ಸಲ ಟ್ಯಾಂಕ್ ಸಮೇತ. ಇಷ್ಟನ್ನು ಒಂದು ನಿಮಿಷದಲ್ಲಿ ಮುಗಿಸಿ.

ಈಗ ಡಿಸೆಂಬರ್ 17. ಇಲ್ಲಿ ನಿಧಾನ ಮಾಡಿ. "ಯುದ್ಧ 16ಕ್ಕೇ ಮುಗೀತಲ್ವಾ?" ಅಂತ ಮಕ್ಕಳು ಕೇಳುತ್ತಾರೆ. 16ಕ್ಕೆ ಪಾಕಿಸ್ತಾನದ ಸೇನೆ ಶರಣಾಗಿದ್ದು ಪೂರ್ವದಲ್ಲಿ, ಢಾಕಾದಲ್ಲಿ. ಪಶ್ಚಿಮದ ಗಡಿಯಲ್ಲಿ ಗುಂಡು ನಿಂತಿದ್ದು 17ರ ರಾತ್ರಿ ಎಂಟಕ್ಕೆ. ಆವತ್ತೇ ಒಂದು ಇಡೀ ಬೆಟಾಲಿಯನ್ ಇವರ ಮೇಲೆ ಬಂತು. ಕಂಪನಿ ಅಂದರೆ ನೂರು ಚಿಲ್ಲರೆ ಜನ, ಬೆಟಾಲಿಯನ್ ಅಂದರೆ ಅಂಥ ಹಲವು ಕಂಪನಿ. ಇದನ್ನು ಹೇಳದಿದ್ದರೆ ಕೇಳುವವರಿಗೆ ಅಂದಾಜೇ ಸಿಗುವುದಿಲ್ಲ.

ಶೆಲ್ (ಫಿರಂಗಿ ಗುಂಡು) ಬಿದ್ದು ಮೇಜರ್‌ಗೆ ಜೋರು ಗಾಯ. ಆದರೂ ಬಯಲಲ್ಲೇ ಒಂದು ಟ್ರೆಂಚಿನಿಂದ ಇನ್ನೊಂದಕ್ಕೆ ಹೋಗಿ ಜವಾನರನ್ನು ಹುರಿದುಂಬಿಸಿದರು. ಇದು ಮಕ್ಕಳ ತಲೆಗೆ ಹೋಗಬೇಕಾದರೆ ತೋಟಕ್ಕೆ ಕರೆದುಕೊಂಡು ಹೋಗಿ. ಕಾಫಿ ಗಿಡದ ಸಾಲಿನಲ್ಲಿ ನೀರು ಇಂಗಲಿ ಅಂತ ತೋಡಿರುವ ಗುಂಡಿಗಳಿವೆಯಲ್ಲ, ಒಂದೊಂದರಲ್ಲಿ ಇಬ್ಬಿಬ್ಬರನ್ನು ಕೂರಿಸಿ. ಭಾಷಣ ಮಾಡುವ ಹುಡುಗಿ ಒಂದು ಕಾಲು ಎಳೆದುಕೊಂಡು ಗುಂಡಿಯಿಂದ ಗುಂಡಿಗೆ ಹೋಗಲಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಲಿ. ಮೂರನೇ ಗುಂಡಿಗೆ ಏದುಸಿರು ಬರುತ್ತದೆ. ಗುಂಡಿಯಲ್ಲಿ ಕೂತವರಿಗೆ ಅವಳು ಬರುವುದು ಕಾಣುತ್ತದೆ. ಸಾಹೇಬರು ಇನ್ನೂ ಓಡಾಡುತ್ತಿದ್ದಾರೆ ಅಂತ ಜವಾನನ ಕಣ್ಣಿಗೆ ಬಿದ್ದರೆ ಅವನು ಜಾಗ ಬಿಡುವುದಿಲ್ಲ. ಪಲ್ಟನ್ನಿನಲ್ಲಿ ಲೀಡರ್‌ಶಿಪ್ ಅಂದರೆ ಮುಕ್ಕಾಲು ಪಾಲು ಇದೇ. (ಗುಂಡಿಯ ತರಗೆಲೆ ಮೊದಲು ಕೋಲಿನಿಂದ ಕೆದಕಿ, ಹಾವು ಇರುತ್ತದೆ.)

ಆಮೇಲೆ ಮಷಿನ್ ಗನ್. ಅದರ ಹತ್ತಿರವೇ ಶೆಲ್ ಬಿತ್ತು. ಗನ್ ನಡೆಸುತ್ತಿದ್ದವರಿಗೆ ಗಾಯ, ಗನ್ ಸುಮ್ಮನಾಯಿತು. ಇಲ್ಲಿ ನೀವೂ ಒಂದು ಉಸಿರು ಸುಮ್ಮನಾಗಿ. ಮೇಜರ್ ಓಡಿಹೋಗಿ ತಾವೇ ಗನ್ ಹಿಡಿದರು. ಕೋಪದಲ್ಲಿ ಅಲ್ಲ, ಆ ಗನ್ ನಿಂತರೆ ಶತ್ರು ನುಗ್ಗುತ್ತಾನೆ ಅನ್ನೋ ಲೆಕ್ಕ ಅವರಿಗಿತ್ತು. ದಾಳಿ ಮುರಿಯಿತು. ಎದುರಿನವರು 85 ಹೆಣ ಬಿಟ್ಟು ಹಿಂದೆ ಸರಿದರು. ಅವರ ಕಮಾಂಡಿಂಗ್ ಆಫೀಸರ್ ಕೂಡ ಸತ್ತಿದ್ದರು. ಈ ಸಂಖ್ಯೆ ಹೇಳುವಾಗ ದನಿ ಏರಿಸಬೇಡಿ, ಚಪ್ಪಾಳೆಗೂ ಕಾಯಬೇಡಿ. ಅವರೂ ಸಿಪಾಯಿಗಳೇ.

ಹಿಂದಕ್ಕೆ ಆಸ್ಪತ್ರೆಗೆ ಸಾಗಿಸುತ್ತೇವೆ ಅಂದರೆ ಕದನ ವಿರಾಮದವರೆಗೂ ಮೇಜರ್ ಒಪ್ಪಲಿಲ್ಲ. ಪರಮವೀರ ಚಕ್ರ ಬಂತು ಅನ್ನುವುದಕ್ಕೆ ಒಂದು ಸಾಲು ಸಾಕು.

"ಹುತಾತ್ಮರಾದರು" ಅಂತ ಮಾತ್ರ ಹೇಳಬೇಡಿ. ಅವರು ಬದುಕಿದರು, 1998ರವರೆಗೂ ಇದ್ದರು. ಅದೇ ಬಸಂತರ್ ಕದನದಲ್ಲಿ ಡಿಸೆಂಬರ್ 16ರಂದು ಟ್ಯಾಂಕಿನಲ್ಲೇ ಪ್ರಾಣ ಬಿಟ್ಟವರು 21 ವರ್ಷದ ಅರುಣ್ ಖೇತರ್‌ಪಾಲ್. ಈ ಇಬ್ಬರನ್ನು ಕಲಸಿಬಿಡುವವರು ಬಹಳ.

ಕೊನೆಗೆ ಜೈ ಹಿಂದ್ ಅಂದು ಇಳಿಯಿರಿ. ಮೈಕಿನ ಎತ್ತರ ಹಿಂದಿನ ದಿನವೇ ಪಿ.ಟಿ. ಮೇಷ್ಟ್ರಿಗೆ ಹೇಳಿ ಸರಿಮಾಡಿಸಿಕೊಳ್ಳಿ. ಬೆಳಿಗ್ಗೆ ಆ ಮಂಜಿನಲ್ಲಿ, ಆ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.