ಸಿಸ್ಟಂ ಬದಲಾಯ್ಸಿದ್ಮೇಲೆ ಮೌಸ್ ಕೈಗೆ ಸಿಗ್ತಾ ಇಲ್ವಾ? ಸ್ಪೀಡ್ ಮುಟ್ಬೇಡಿ, ಮೊದ್ಲು ಇದನ್ನ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತಲ್ಲ, ನನ್ನ ಮನೆಯ ಹಳೆ ಕಂಪ್ಯೂಟರಿಗೆ ವಿಂಡೋಸ್ 11 ಹಾಕುವ ಅಂತ ನೋಡಿದ್ರೆ ಟಿಪಿಎಂ 2.0 ಅಂತ ಸೆಕ್ಯುರಿಟಿ ಚಿಪ್ ಇಲ್ಲ, ಆಗ್ಲಿಕ್ಕಿಲ್ಲ ಅಂತ ಬಂತು, ಸಾಯ್ಲಿ ಅಂತ ಉಬುಂಟು ಹಾಕಿದೆ, ಅದು ವಿಂಡೋಸಿನ ಬದ್ಲಿಗೆ ಹಾಕುವ ಲಿನಕ್ಸ್ ಸಿಸ್ಟಂ. ಉಬುಂಟು ಎಂತ ಕಷ್ಟ ಇಲ್ಲ ಮಾರಾಯ್ರೆ, ಬ್ರೌಸರ್ ಅದೇ, ಕನ್ನಡ ಟೈಪಿಂಗೂ ಸರಿಯಾಯ್ತು, ಕೈ ಕೊಟ್ಟದ್ದು ಮೌಸ್ ಒಂದೇ. ಯಕ್ಷಗಾನದ ಹ್ಯಾಂಡ್‌ಬಿಲ್ ಮಾಡ್ಲಿಕ್ಕೆ ವೇಷದ ಫೋಟೋ ಕಟ್ ಮಾಡ್ತಾ ಇದ್ದೆ, ಕೇದಗೆ ಮುಂದಲೆ ಅಂತ ತಲೆಗೆ ಕಟ್ಟುವ ಪಗಡಿಯ ಅಂಚಲ್ಲಿ ಕ್ಲಿಕ್ ಮಾಡ್ಲಿಕ್ಕೆ ಹೋದ್ರೆ ಕರ್ಸರ್ ಒಂದಾ ಆಚೆ ಒಂದಾ ಈಚೆ, ಇಪ್ಪತ್ತು ವರ್ಷದ ಕೈ, ನಿನ್ನೆ ಮೌಸ್ ಹಿಡಿದವನ ಹಾಗೆ ಆಯ್ತು.

ಎಲ್ರೂ ಮಾಡುವ ಹಾಗೆ ನಾನೂ ಸೀದಾ ಸ್ಪೀಡ್ ಸ್ಲೈಡರಿಗೆ ಕೈ ಹಾಕಿದೆ. ಜಾಸ್ತಿ ಮಾಡಿದ್ರೆ ಸಣ್ಣ ಬಟನ್ ಸಿಗುದಿಲ್ಲ, ಕಮ್ಮಿ ಮಾಡಿದ್ರೆ ಸ್ಕ್ರೀನ್ ದಾಟ್ಲಿಕ್ಕೆ ಮೌಸ್ ಮೂರು ಸರ್ತಿ ಎತ್ತಿ ಇಡ್ಬೇಕು. ಎರಡು ದಿನ ಅದೇ ಕತೆ. ಆಮೇಲೆ ಗೊತ್ತಾದದ್ದು, ತಪ್ಪಿದ್ದದ್ದು ಸ್ಪೀಡಲ್ಲ, ಆಕ್ಸೆಲರೇಶನ್.

ಎಂತ ಅದು ಅಂತ ಚೂರು ಹೇಳ್ತೇನೆ, ಇದು ಗೊತ್ತಾದ್ರೆ ಮುಂದಿನದ್ದು ಸುಲಭ. ಮೌಸ್ ಕಂಪ್ಯೂಟರಿಗೆ ಕಳಿಸುದು ಬರೀ ಎಣಿಕೆ. 800 ಡಿಪಿಐ ಮೌಸಾದ್ರೆ ಒಂದು ಇಂಚು ಸರಿಸಿದ್ರೆ 800 ಎಣಿಕೆ ಹೋಗ್ತದೆ, ಅಷ್ಟೇ. ಅದನ್ನ ಸ್ಕ್ರೀನಲ್ಲಿ ಎಷ್ಟು ಪಿಕ್ಸೆಲ್ ಮಾಡ್ಬೇಕು ಅಂತ ನಿರ್ಧಾರ ಮಾಡುದು ಸಿಸ್ಟಂ. ಆಕ್ಸೆಲರೇಶನ್ ಆನ್ ಇದ್ರೆ ಮೆಲ್ಲ ಸರಿಸಿದಾಗ ಕಮ್ಮಿ ಪಿಕ್ಸೆಲ್, ರಪ್ಪ ಎಳೆದಾಗ ಜಾಸ್ತಿ ಪಿಕ್ಸೆಲ್, ಅಂದ್ರೆ ಅದೇ ಒಂದು ಇಂಚಿಗೆ ಕರ್ಸರ್ ಹೋಗುವ ದೂರ ನಿಮ್ಮ ಕೈಯ ವೇಗದ ಮೇಲೆ ಉಂಟು. ನಮ್ಮ ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್‌ಗಳ ಹಾಗೆ, ರೋಡ್ ಅದೇ, ಬಸ್ಸೂ ಅದೇ ನಮೂನೆಯದ್ದು, ಆದ್ರೆ ಒಬ್ಬ ಮೆಲ್ಲ ಪಿಕಪ್ ತೆಗೀತಾನೆ, ಇನ್ನೊಬ್ಬ ಹೈವೇಗೆ ಬಿದ್ದ ಕೂಡ್ಲೆ ನಮ್ಮನ್ನ ಸೀಟಿಂದ ಹಿಂದೆ ಬೀಳಿಸ್ತಾನೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಮೂರು ಡ್ರೈವರ್. ಒಬ್ಬನ ಕಾಲಿಗೆ ಹೊಂದಿಕೊಂಡ ಮೈ ಇನ್ನೊಬ್ಬನ ಬಸ್ಸಲ್ಲಿ ಓಲಾಡ್ತದೆ. ಸ್ಪೀಡ್ ಸ್ಲೈಡರ್ ಎಷ್ಟು ಎಳೆದ್ರೂ ಡ್ರೈವರ್ ಬದಲಾಗುದಿಲ್ಲ.

ಮೊದ್ಲು ಟೆಸ್ಟ್ ಮಾಡಿ, ಇದಕ್ಕೆ ಸಾಫ್ಟ್‌ವೇರ್ ಎಂತದೂ ಬೇಡ. ಎರಡು ದಪ್ಪ ಪುಸ್ತಕ ತಕೊಳ್ಳಿ, ಮೌಸಿನ ಎಡಕ್ಕೊಂದು ಬಲಕ್ಕೊಂದು ಇಡಿ, ಮಧ್ಯ ಮೌಸಿಗೆ ಸರಿಯಾಗಿ ಒಂದು ಇಂಚು ಓಡಾಡ್ಲಿಕ್ಕೆ ಮಾತ್ರ ಜಾಗ ಇರ್ಲಿ, ಮಕ್ಕಳ ಸ್ಕೇಲಿಟ್ಟು ಅಳೆಯಿರಿ. ಮೌಸನ್ನ ಎಡದ ಪುಸ್ತಕಕ್ಕೆ ತಾಗಿಸಿಟ್ಟಾಗ ಕರ್ಸರ್ ಸ್ಕ್ರೀನಿನ ನಡೂ ಮಧ್ಯ ಇರ್ಬೇಕು, ಅಲ್ಲಿ ಯಾವ್ದಾದ್ರೂ ಅಕ್ಷರವನ್ನ ಗುರ್ತಿಗೆ ಇಟ್ಕೊಳ್ಳಿ. ಈಗ ಬಲದ ಪುಸ್ತಕ ಮುಟ್ಟುವವರೆಗೆ ಮೆಲ್ಲ, ಬಸವನ ಹುಳದ ಹಾಗೆ ಸರಿಸಿ. ಮುಟ್ಟಿತಾ, ಈಗ ಒಂದೇ ಏಟಿಗೆ ವಾಪಸ್ ಎಡಕ್ಕೆ ಎಳೀರಿ. ಕರ್ಸರ್ ಹೆಚ್ಚುಕಮ್ಮಿ ಅದೇ ಅಕ್ಷರದ ಮೇಲೆ ಬಂದು ನಿಂತ್ರೆ ಆಕ್ಸೆಲರೇಶನ್ ಇಲ್ಲ. ಅದನ್ನೂ ದಾಟಿ ಎಡಕ್ಕೆ ಎಲ್ಲೋ ಹೋಗಿ ಬಿದ್ರೆ ಉಂಟು ಅಂತ ಅರ್ಥ. ಮೆಲ್ಲ ಹೋಗುವಾಗ್ಲೇ ಕರ್ಸರ್ ಸ್ಕ್ರೀನಿನ ಅಂಚಿಗೆ ತಾಗಿದ್ರೆ ನಿಮ್ಮ ಮೌಸಿನ ಡಿಪಿಐ ಜಾಸ್ತಿ, ಪುಸ್ತಕಗಳನ್ನ ಅರ್ಧ ಇಂಚಿಗೆ ಹತ್ರ ತನ್ನಿ. ಹುಚ್ಚು ಕೆಲಸ ಅಂತ ಅನ್ನಿಸ್ಬಹುದು, ನನ್ನ ಹೆಂಡತಿಯೂ ಎಂತ ಮಂಡೆ ಸಮ ಉಂಟಾ ಅಂತ ಕೇಳಿದ್ಲು, ಆದ್ರೆ ಎರಡು ದಿನದ ಗೊಂದಲ ಎರಡು ನಿಮಿಷಕ್ಕೆ ತೀರ್ತು.

ಇನ್ನು ಆಫ್ ಮಾಡುದು. ವಿಂಡೋಸಲ್ಲಿ ಇದರ ಹೆಸರು ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್. ಈ ಹೆಸರಿಟ್ಟವರಿಗೆ ಕೈ ಮುಗಿಬೇಕು, ನಿಖರತೆ ಜಾಸ್ತಿ ಮಾಡ್ತೇವೆ ಅಂದ್ರೆ ಯಾರು ಟಿಕ್ ತೆಗೀತಾರೆ ಹೇಳಿ! 2001ರ ಎಕ್ಸ್‌ಪಿ ಕಾಲದಿಂದ ಇರುವ ಟಿಕ್ ಅದು, ಸುಮ್ಮನೆ ಬಿಟ್ರೆ ಆನೇ ಇರ್ತದೆ. 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಆಂಡ್ ಡಿವೈಸಸ್, ಅದರೊಳಗೆ ಮೌಸ್, ಅಲ್ಲೇ ಈ ಹೆಸರು ಸಿಗ್ತದೆ. 10ರಲ್ಲಾದ್ರೆ ಮೌಸ್ ಸೆಟ್ಟಿಂಗಲ್ಲಿ ಅಡಿಷನಲ್ ಮೌಸ್ ಆಪ್ಶನ್ಸ್ ಒತ್ತಿದ್ರೆ ಹಳೆ ಕಾಲದ ಸಣ್ಣ ಕಿಟಕಿ ಬರ್ತದೆ, ಅಲ್ಲಿ ಪಾಯಿಂಟರ್ ಆಪ್ಶನ್ಸ್. ಆ ಸಣ್ಣ ಕಿಟಕಿಯ ಸ್ಲೈಡರಲ್ಲಿ ಒಟ್ಟು 11 ಗೆರೆ, ನೀವು 6ನೇದಕ್ಕೆ ಇಡಿ, ಅಂದ್ರೆ ಸರಿ ಮಧ್ಯ. ಟಿಕ್ ತೆಗೆದು 6ಕ್ಕೆ ಇಟ್ರೆ ಮೌಸಿನ ಒಂದು ಎಣಿಕೆಗೆ ಒಂದು ಪಿಕ್ಸೆಲ್, ಲೆಕ್ಕ ಚುಕ್ತಾ. 8ನೇ ಗೆರೆಗೆ ಇಟ್ರೆ ಒಂದಕ್ಕೆ ಎರಡು, ಅಂದ್ರೆ ಕರ್ಸರ್ ಒಂದು ಪಿಕ್ಸೆಲ್ ಬಿಟ್ಟು ಒಂದು ಪಿಕ್ಸೆಲಿಗೆ ಹಾರ್ತದೆ, ಸಣ್ಣ ಕೆಲಸಕ್ಕೆ ಅದು ಆಗುದಿಲ್ಲ. ಸ್ಪೀಡ್ ಸಾಲದಿದ್ರೆ ಮೌಸಿನ ಮೇಲಿರುವ ಡಿಪಿಐ ಬಟನ್ ಒತ್ತಿ ಜಾಸ್ತಿ ಮಾಡಿ, ಗೆರೆ ಅಲ್ಲೇ ಇರ್ಲಿ.

ಉಬುಂಟು 24.04ರಲ್ಲಿ ಸೆಟ್ಟಿಂಗ್ಸಲ್ಲಿ ಮೌಸ್ ಆಂಡ್ ಟಚ್‌ಪ್ಯಾಡ್ ಅಂತ ಉಂಟು, ಅಲ್ಲೇ ಮೌಸ್ ಆಕ್ಸೆಲರೇಶನ್ ಸ್ವಿಚ್ಚು, ಆಫ್ ಮಾಡಿ ಸ್ಪೀಡ್ ಸ್ಲೈಡರ್ ಮಧ್ಯಕ್ಕೆ ತನ್ನಿ. 22.04 ಇರುವವರಿಗೆ ಈ ಸ್ವಿಚ್ಚು ಕಾಣುದಿಲ್ಲ, ಗ್ನೋಮ್ ಟ್ವೀಕ್ಸ್ ಅಂತ ಆಪ್ ಹಾಕಿಕೊಂಡು ಅದರಲ್ಲಿ ಆಕ್ಸೆಲರೇಶನ್ ಪ್ರೊಫೈಲನ್ನ ಫ್ಲಾಟ್ ಮಾಡ್ಬೇಕು, ಫ್ಲಾಟ್ ಅಂದ್ರೆ ಆಕ್ಸೆಲರೇಶನ್ ಇಲ್ಲದ್ದು. ಕೆಡಿಇ ಅಂತ ಲಿನಕ್ಸಿನ ಇನ್ನೊಂದು ನಮೂನೆಯ ಡೆಸ್ಕ್‌ಟಾಪ್ ಬಳಸುವವರಿಗೂ ಮೌಸ್ ಸೆಟ್ಟಿಂಗಲ್ಲಿ ಫ್ಲಾಟ್ ಅಂತಲೇ ಸಿಗ್ತದೆ. ಇಲ್ಲಿ ಒಂದು ಖುಷಿಯ ವಿಷಯ ಗೊತ್ತುಂಟಾ, ಲಿನಕ್ಸಲ್ಲಿ ಮೌಸ್ ನೋಡ್ಕೊಳ್ಳುವ ಲಿಬ್‌ಇನ್‌ಪುಟ್‌ನಲ್ಲಿ ಫ್ಲಾಟ್ ಮಾಡಿ ಸ್ಪೀಡ್ ಸೊನ್ನೆಗೆ, ಅಂದ್ರೆ ಸ್ಲೈಡರಿನ ಸರಿ ಮಧ್ಯಕ್ಕೆ ಇಟ್ರೆ ಅದೂ ಒಂದಕ್ಕೊಂದೇ ಲೆಕ್ಕ. ಹಾಗಾಗಿ ವಿಂಡೋಸಿನ 6ನೇ ಗೆರೆಯೂ ಉಬುಂಟುವಿನ ಮಧ್ಯವೂ ಒಂದೇ, ಒಂದೇ ಕಂಪ್ಯೂಟರಲ್ಲಿ ಎರಡೂ ಹಾಕಿಕೊಂಡವರಿಗೆ, ಡಿಸ್‌ಪ್ಲೇ ಸ್ಕೇಲಿಂಗ್ (ಸ್ಕ್ರೀನಲ್ಲಿ ಅಕ್ಷರ, ಚಿತ್ರ ದೊಡ್ಡದು ಮಾಡುವ ಸೆಟ್ಟಿಂಗ್) ಶೇಕಡಾ 100ರಲ್ಲೇ ಇದ್ರೆ, ಈಚೆ ಬೂಟ್ ಮಾಡಿದ್ರೂ ಆಚೆ ಬೂಟ್ ಮಾಡಿದ್ರೂ ಕೈಗೆ ಗೊತ್ತೇ ಆಗುದಿಲ್ಲ.

ಮ್ಯಾಕ್ ಮಾತ್ರ ಚೂರು ಬೇರೆ ಜಾತಿ. ಕೆಲಸದ ಕಡೆ ನನಗೆ ಮ್ಯಾಕ್, ಮನೆಗೆ ಬಂದ್ರೆ ಉಬುಂಟು, ದಿನಾ ಎರಡೂ ಕೈಯಲ್ಲಿ ಹಿಡಿಬೇಕು. 2023ರ ಮ್ಯಾಕ್ ವರ್ಷನ್ ಸೊನೋಮಾದಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ಮೌಸ್, ಕೆಳಗೆ ಅಡ್ವಾನ್ಸ್ಡ್ ಒತ್ತಿದ್ರೆ ಪಾಯಿಂಟರ್ ಆಕ್ಸೆಲರೇಶನ್ ಅಂತ ಸ್ವಿಚ್ಚು ಸಿಗ್ತದೆ. ಅದಕ್ಕಿಂತ ತುಂಬಾ ಹಳೇದಾದ್ರೆ ಲೀನಿಯರ್‌ಮೌಸ್ ಅಂತ ಫ್ರೀ ಆಪ್ ಉಂಟು, ಅದನ್ನ ಹಾಕಿಕೊಳ್ಳಿ. ಆದ್ರೆ ಆಫ್ ಮಾಡಿದ ಕೂಡ್ಲೆ ಮ್ಯಾಕ್ ಉಬುಂಟುವಿನ ಹಾಗೆ ಆಗುದಿಲ್ಲ, ಸ್ಲೈಡರಿನ ಯಾವ ಗೆರೆಗೆ ಎಷ್ಟು ಅಂತ ಬರೆದಿರುದಿಲ್ಲ, ನಾವೇ ಅಳೀಬೇಕು. ಪುನಃ ಅದೇ ಎರಡು ಪುಸ್ತಕ. ಮನೆಯಲ್ಲಿ ನನ್ನದು 24 ಇಂಚಿನ ಫುಲ್ ಎಚ್‌ಡಿ ಮಾನಿಟರ್, ಸ್ಕ್ರೀನ್ ಅಗಲ 53 ಸೆಂಟಿಮೀಟರ್, ಅದರಲ್ಲಿ 1920 ಪಿಕ್ಸೆಲ್, ಹಾಗಾದ್ರೆ 800 ಡಿಪಿಐ ಮೌಸ್ ಒಂದು ಇಂಚು ಹೋದಾಗ ಕರ್ಸರ್ ಹೋಗುದು ಸುಮಾರು 22 ಸೆಂಟಿಮೀಟರ್. ಈ 22ನ್ನ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ ಮ್ಯಾಕಿನ ಸ್ಕ್ರೀನಿಗೆ ಸ್ಕೇಲ್ ಹಿಡಿದು ಟ್ರ್ಯಾಕಿಂಗ್ ಸ್ಪೀಡ್ ಒಂದೊಂದೇ ಗೆರೆ ಸರಿಸ್ತಾ 22ರ ಹತ್ರ ತಂದೆ. ಪಕ್ಕಾ ಬರ್ಲಿಲ್ಲ, ಹತ್ರ ಬಂತು, ಸಾಕು. ಎರಡೂ ಕಡೆ ಒಂದೇ ಮೌಸ್ ಬಳಸಿದ್ರೆ ಇನ್ನೂ ಒಳ್ಳೇದು, ನಾನು ಬ್ಯಾಗಲ್ಲೇ ಹಾಕ್ಕೊಂಡು ಹೋಗ್ತೇನೆ.

ಮ್ಯಾಕಲ್ಲಿ ಚಕ್ರವೂ ಉಲ್ಟಾ ತಿರುಗ್ತದೆ, 2011ರ ಲಯನ್ ವರ್ಷನ್‌ನಿಂದ ಹಾಗೆ. ನ್ಯಾಚುರಲ್ ಸ್ಕ್ರೋಲಿಂಗ್ ಆಫ್ ಮಾಡ್ಬಹುದು, ಆದ್ರೆ ಮೌಸಿಗೆ ಆಫ್ ಮಾಡಿದ್ರೆ ಟ್ರ್ಯಾಕ್‌ಪ್ಯಾಡಿಗೂ ಆಫ್ ಆಗ್ತದೆ, ಎರಡನ್ನೂ ಬೇರೆ ಬೇರೆ ಇಡ್ಲಿಕ್ಕೆ ಪುನಃ ಲೀನಿಯರ್‌ಮೌಸೇ ಗತಿ.

ಒಂದು ಮಾತು, ಆಕ್ಸೆಲರೇಶನ್ ಅಂದ್ರೆ ಕೆಟ್ಟದ್ದು ಅಂತ ನಾನು ಹೇಳುದಿಲ್ಲ, ಗೇಮ್ ಆಡುವ ಹುಡುಗ್ರು ಹಾಗೆ ಹೇಳ್ತಾರೆ, ಅದು ಅವರ ಲೆಕ್ಕ. ನಿಮ್ಮ ಹತ್ರ ಇರುದು ಒಂದೇ ಕಂಪ್ಯೂಟರ್, ಮೇಜೂ ಸಣ್ಣದು, ಮೌಸಿಗೆ ಓಡಾಡ್ಲಿಕ್ಕೆ ಒಂದು ಗೇಣು ಜಾಗ ಅಂದ್ರೆ ಆನ್ ಇರ್ಲಿ, ಹೊಸ ಸಿಸ್ಟಂನ ಆಕ್ಸೆಲರೇಶನಿಗೆ ಕೈ ತನ್ನಷ್ಟಕ್ಕೆ ಪಳಗ್ತದೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗಂತೂ ಆಫ್ ಮಾಡ್ಲೇಬೇಡಿ, ಅಷ್ಟು ಸಣ್ಣ ಜಾಗದಲ್ಲಿ ಬೆರಳು ಎತ್ತಿ ಎತ್ತಿ ಸಾಕಾಗ್ತದೆ. ಎರಡು ಮೂರು ಸಿಸ್ಟಂ ಮಧ್ಯ ಓಡಾಡುವವರಿಗೆ ಮಾತ್ರ ಎಲ್ಲಾ ಕಡೆ ಫ್ಲಾಟ್ ಮಾಡುದು ಲಾಭ.

ಫ್ಲಾಟ್ ಮಾಡಿದ ಮೊದಲ ದಿನ ಮೌಸ್ ಭಾರ ಆದ ಹಾಗೆ ಅನ್ನಿಸ್ತದೆ, ಯಾಕಂದ್ರೆ ರಪ್ಪ ಎಳೆದಾಗ ಸಿಗ್ತಿದ್ದ ಎಕ್ಸ್ಟ್ರಾ ಓಟ ಈಗ ಇಲ್ಲ. ಆಗ ಮಣಿಗಂಟು ಮಾತ್ರ ಆಡಿಸುದು ಬಿಟ್ಟು ಮೊಣಕೈಯಿಂದ ಸರಿಸಿ, ಕೀಬೋರ್ಡನ್ನ ಚೂರು ಎಡಕ್ಕೆ ತಳ್ಳಿ ಜಾಗ ಮಾಡಿ. ಒಂದು ವಾರ ಯಾವ ಸ್ಲೈಡರೂ ಮುಟ್ಬೇಡಿ, ದಿನಾ ಬದಲಾಯ್ಸಿದ್ರೆ ಕೈ ಯಾವ್ದನ್ನ ಕಲೀಬೇಕು? ನಾನು ರಾತ್ರಿ ಊಟ ಆದ್ಮೇಲೆ ಅರ್ಧ ಗಂಟೆ ಸಾಲಿಟೇರ್ ಆಡಿದೆ, ನಾಲ್ಕನೇ ದಿನಕ್ಕೆ ಮುಂದಲೆಯ ಅಂಚು ಪುನಃ ಕೈಗೆ ಸಿಕ್ಕಿತು.

ಮತ್ತೆ ನಮ್ಮ ಊರಿನ ಮಳೆಗಾಲ. ಜೂನ್ ಜುಲೈಯಲ್ಲಿ ಬಟ್ಟೆಯ ಮೌಸ್ ಪ್ಯಾಡ್ ಥಂಡಿ ಹಿಡಿದು ಮೌಸ್ ಜಾರುದೇ ಇಲ್ಲ, ಆಗ ಸೆಟ್ಟಿಂಗ್ ಹಾಳಾಯ್ತು ಅಂತ ಪುನಃ ಶುರು ಮಾಡ್ಬೇಡಿ, ಫ್ಯಾನ್ ಅಡಿಯಲ್ಲಿ ಒಣಗಿಸಿ, ಇಲ್ಲಾಂದ್ರೆ ಗಟ್ಟಿ ಪ್ಲಾಸ್ಟಿಕ್ಕಿನ ಪ್ಯಾಡ್ ತಕೊಳ್ಳಿ.

ಮನೆಯವರೆಲ್ಲ ಬಳಸುವ ಕಂಪ್ಯೂಟರಾದ್ರೆ ನಿಮ್ಮದೇ ಬೇರೆ ಯೂಸರ್ ಅಕೌಂಟ್ ಮಾಡಿಕೊಂಡು ಅದರಲ್ಲಿ ಬದಲಾಯ್ಸಿ, ಈ ಸೆಟ್ಟಿಂಗೆಲ್ಲ ಅಕೌಂಟಿಗೆ ಬೇರೆ ಬೇರೆ ಇರ್ತದೆ. ನಾನು ಅಣ್ಣನ ಲ್ಯಾಪ್‌ಟಾಪಲ್ಲಿ ಸುಮ್ಮನೆ ಟೆಸ್ಟ್ ಮಾಡುವ ಅಂತ ಟಿಕ್ ತೆಗೆದವ ವಾಪಸ್ ಹಾಕ್ಲಿಕ್ಕೆ ಮರ್ತೆ. ಅವ ಮೌಸ್ ಹಾಳಾಯ್ತು ಅಂತ ಹೊಸದು ತಂದು, ಅದೂ ಹಾಗೇ ಆಗುದು ನೋಡಿ, ಅಂಗಡಿಯವನ ಹತ್ರ ಜಗಳಕ್ಕೆ ಹೊರಟಿದ್ದ.