ಆವರಣ ಚಿಹ್ನೆಗಳನ್ನು ಕೈಬಿಟ್ಟ ಮೇಲೆ

ಹೈಯರ್ ಕ್ಯಾಟಗರಿ (ಬಾಣಗಳು, ಬಾಣಗಳ ನಡುವೆ ಬಾಣಗಳು, ಹೀಗೆ n ಮಟ್ಟದವರೆಗೆ ಇರುವ ಗಣಿತ ರಚನೆ) ಓದಲು ಕೂತಾಗಲೆಲ್ಲ ನನ್ನನ್ನು ಸುಸ್ತು ಮಾಡುತ್ತಿದ್ದದ್ದು ಆವರಣ ಚಿಹ್ನೆಗಳು. ನಾಲ್ಕು ಮಾರ್ಫಿಸಂ, ಅಂದರೆ ಬಾಣ, ಜೋಡಿಸುವಾಗ ಆವರಣ ಹಾಕಲು 5 ಬಗೆ, ಐದಕ್ಕೆ 14 ಬಗೆ. ಅವುಗಳ ನಡುವೆ ಐಸೊಮಾರ್ಫಿಸಂ (ಹಿಂದಿರುಗಬಲ್ಲ ಬಾಣ), ಆ ಐಸೊಮಾರ್ಫಿಸಂಗಳ ಮೇಲೆ ಮತ್ತೆ ಷರತ್ತು. ಗಣಿತಜ್ಞ ಸ್ಟಾಶೆಫ್ 1963ರಲ್ಲಿ ಇದನ್ನೆಲ್ಲ ಬಹುಮುಖಿಗಳಲ್ಲಿ ಹಿಡಿದಿಟ್ಟದ್ದು ಚಂದವೇ, ಆದರೆ n=3 ಬರುವಷ್ಟರಲ್ಲಿ ನನ್ನ ಲೆಕ್ಕ ಹಳಿ ತಪ್ಪಿರುತ್ತಿತ್ತು.

ದಾರಿ ಕಂಡದ್ದು ಗಣಿತಜ್ಞರಾದ ಮಾರಿಸನ್ ಮತ್ತು ವಾಕರ್ 2012ರಲ್ಲಿ ಪ್ರಕಟಿಸಿದ n-ಕ್ಯಾಟಗರಿಯ ವ್ಯಾಖ್ಯೆಯಲ್ಲಿ. ಮಾರ್ಫಿಸಂ ಅನ್ನು [0,1] ಎಂಬ ಕಡ್ಡಿಯಾಗಿ ಕಂಡರೆ, ಅದಕ್ಕೆ ಇನ್ನೊಂದು [0,1] ಅಂಟಿಸಿದಾಗ [0,2] ಆಗುತ್ತದೆ. ಅದನ್ನು ಮತ್ತೆ [0,1]ಕ್ಕೆ ಕುಗ್ಗಿಸಲೇಬೇಕೆಂಬ ಹಟದಿಂದಲೇ ಆವರಣಗಳ ರಗಳೆ ಶುರು. ಇವರು ಕುಗ್ಗಿಸುವುದೇ ಇಲ್ಲ. k-ಚೆಂಡಿಗೆ (k=1 ಕಡ್ಡಿ, k=2 ತಟ್ಟೆ, ಹೀಗೆ) ಹೋಮಿಯೋಮಾರ್ಫಿಕ್ ಆದ, ಅಂದರೆ ಹರಿಯದೆ ಎಳೆದು ಬಾಗಿಸಿ ಅದೇ ಆಕಾರಕ್ಕೆ ತರಬಹುದಾದ, ಪ್ರತಿಯೊಂದಕ್ಕೂ ಒಂದು ಗಣ ಕೊಡುತ್ತಾರೆ. ಅಂಟಿಸಿದ್ದು ಅಂಟಿಸಿದ ಹಾಗೇ ಇರುತ್ತದೆ, ಸಹವರ್ತನ ನಿಯಮ ಪುಕ್ಕಟೆಯಾಗಿ ಸಿಗುತ್ತದೆ. ಆರಂಭ, ಅಂತ್ಯ ಎಂಬ ಭೇದವೂ ಇಲ್ಲ, ಇಡೀ ಅಂಚು ಒಂದೇ.

ಕೈಯಾರೆ ಮಾಡಿ ನೋಡಿದಾಗ ಎರಡು ಕಡೆ ಎಡವಿದೆ. ಮೊದಲನೆಯದು ಐಡೆಂಟಿಟಿ, ಅಂದರೆ ಏನನ್ನೂ ಬದಲಿಸದ ಮಾರ್ಫಿಸಂ. n=1ರಲ್ಲಿ a ಗುರುತಿನ ಕಡ್ಡಿಗೆ ಐಡೆಂಟಿಟಿ ತುಂಡು ಅಂಟಿಸಿದರೆ ಕಡ್ಡಿ ಉದ್ದವಾಗುತ್ತದೆ. ಅದು a ಗೆ ಸಮ ಎನ್ನಲು ಐಸೊಟೊಪಿ (ಅದೇ ಜಾಗದೊಳಗೆ ಮೆಲ್ಲಗೆ ಸರಿಸುವುದು) ಸಾಕು ಎಂದುಕೊಂಡಿದ್ದೆ. ಸಾಲದು, ಏಕೆಂದರೆ ಉದ್ದ ಕಡ್ಡಿ ಬೇರೆಯದೇ ಜಾಗ. ಅಂಚಿಗೆ ಕಾಲರ್ (ತೆಳು ಪಟ್ಟಿ) ಅಂಟಿಸಿ, ಮತ್ತೆ ಮೂಲ ಚೆಂಡಿನೊಳಕ್ಕೆ ಒತ್ತುವ ಕ್ರಿಯೆ n-ಚೆಂಡಿನ ಮೇಲೆ ಏನೂ ಬದಲಿಸಬಾರದು ಎಂಬ ನಿಯಮ ಪ್ರತ್ಯೇಕವಾಗಿ ಬೇಕು. ಎರಡನೆಯದು ಕತ್ತರಿ. ತಟ್ಟೆಯ ಮೇಲೆ ದಾರದ ಚಿತ್ರ (ಮಾರ್ಫಿಸಂಗಳನ್ನು ದಾರ, ಗಂಟುಗಳಾಗಿ ತೋರಿಸುವ ಚಿತ್ರ) ಬರೆದು, ಗೆರೆ ಎಳೆದು ಎರಡು ಮಾಡಿದೆ. ಗೆರೆ ದಾರಗಳು ಕೂಡುವ ಗಂಟಿನ ಮೇಲೇ ಹಾದುಹೋಗಿತ್ತು! ಎಲ್ಲ ಚಿತ್ರವನ್ನೂ ಎಲ್ಲೆಂದರಲ್ಲಿ ಸೀಳಲಾಗದು. ಚೆಂಡಿನಿಂದ ಒಂದು ಜಾಗಕ್ಕೆ ಹೋಗುವ ನಿರಂತರ ಮ್ಯಾಪ್‌ಗಳನ್ನು ಗಣವಾಗಿ ತೆಗೆದುಕೊಂಡರೆ ಈ ತಾಪತ್ರಯವಿಲ್ಲ. ಆ ಉದಾಹರಣೆಯಲ್ಲೇ ಬಹಳ ದಿನ ಇದ್ದದ್ದರಿಂದ ನನಗಿದು ಹೊಳೆದಿರಲಿಲ್ಲ.

ನಂಬಿಕೆ ಬಂದದ್ದು ವೃತ್ತದ ಮೇಲೆ. ವೃತ್ತ ಚೆಂಡಲ್ಲ, ಮ್ಯಾನಿಫೋಲ್ಡ್, ಅಂದರೆ ಹತ್ತಿರದಿಂದ ನೋಡಿದರೆ ಮಾತ್ರ ಚೆಂಡಿನಂತೆ ಕಾಣುವ ಆಕಾರ. ಚೆಂಡುಗಳಾಗಿ ಕತ್ತರಿಸಿ, ಗುರುತು ಹಾಕಿ, ಎಲ್ಲ ಕತ್ತರಿಕೆಗಳನ್ನೂ ಹೊಂದಿಸಿದರೆ ಅದಕ್ಕೂ ಬೆಲೆ ಸಿಗುತ್ತದೆ. ಒಂದು ಆಲ್ಜಿಬ್ರಾ (ಕೂಡಿಸಿ, ಗುಣಿಸಬಲ್ಲ ವಸ್ತುಗಳ ವ್ಯವಸ್ಥೆ) ತೆಗೆದುಕೊಂಡು, ವೃತ್ತವನ್ನು ಎರಡು ಬಾಗಿದ ತುಂಡು ಮಾಡಿ a, b ಎಂದು ಬರೆದೆ. ಒಂದು ತುದಿಯಲ್ಲಿ ಅಂಟಿಸಿದರೆ ab, ಇನ್ನೊಂದರಲ್ಲಿ ಅಂಟಿಸಿದರೆ ba. ವೃತ್ತ ಒಂದೇ ಆದ್ದರಿಂದ ab=ba ಎನ್ನಲೇಬೇಕು. ಆಲ್ಜಿಬ್ರಾ 2×2 ಮಾತೃಕೆಗಳದ್ದಾದರೆ (E₁₂ ಅಂದರೆ 1ನೇ ಅಡ್ಡಸಾಲು, 2ನೇ ಕಂಬಸಾಲಿನಲ್ಲಿ 1, ಉಳಿದೆಡೆ 0) E₁₂E₂₁=E₁₁, E₂₁E₁₂=E₂₂, ಅಲ್ಲಿಗೆ E₁₁=E₂₂. E₁₁E₁₂=E₁₂, ಆದರೆ E₁₂E₁₁=0, ಹಾಗಾಗಿ E₁₂=0; E₂₁ ಕೂಡ ಹಾಗೇ. 4 ಆಯಾಮದಲ್ಲಿ ಉಳಿದದ್ದು 1, ನಮ್ಮ ಹಳೆಯ ಟ್ರೇಸ್ (ಮಾತೃಕೆಯ ಕರ್ಣದ ಮೊತ್ತ). ab ಮತ್ತು ba ಸಮವೆಂದು ಬರೆದು ಮುಗಿಸದೆ, ಯಾಕೆ ಸಮ ಎಂಬುದನ್ನೂ ಕಾಂಪ್ಲೆಕ್ಸ್ (ಹಂತ ಹಂತವಾಗಿ ಜೋಡಿಸಿದ ಸರಪಳಿ) ಒಂದರಲ್ಲಿ ಹಿಡಿದಿಟ್ಟರೆ ಇದೇ ವೃತ್ತ ಇಡೀ ಹಾಕ್‌ಶಿಲ್ಡ್ ಹೋಮಾಲಜಿಯನ್ನೇ (ಆಲ್ಜಿಬ್ರಾದ ರಚನೆಯನ್ನು ಹಂತ ಹಂತವಾಗಿ ಅಳೆಯುವ ಸಾಧನ) ಕೊಡುತ್ತದೆ. ಆ ಲೆಕ್ಕ ಈಗ ನನ್ನ ಮೇಜಿನ ಮೇಲಿದೆ.