ಪಿತೃಪಕ್ಷದಲ್ಲಿ ಪಾರ್ಕಿಗೆ ಗಾಡಿ ಬಿಟ್ಟ ನನ್ನ ಅನುಭವ

ಥೀಮ್ ಪಾರ್ಕಿನ ರಶ್ಶನ್ನು ಗೇಟು ದಾಟಿದ ಮೇಲೆ ನಿಭಾಯಿಸುತ್ತೇನೆ ಅಂದರೆ ಆಗದ ಮಾತು. ದಿನ ಗೊತ್ತುಮಾಡುವಾಗಲೇ ಮುಕ್ಕಾಲು ಭಾಗ ತೀರ್ಮಾನವಾಗಿರುತ್ತದೆ. ಮಂಡ್ಯದ ನನ್ನಂಥ ಟಿಟಿ (ಟೆಂಪೋ ಟ್ರಾವೆಲರ್) ಓನರುಗಳ ನಡುವೆ ಇದನ್ನು ಹೇಳುತ್ತಾ ಬಂದು ಮೂರ್ನಾಲ್ಕು ವರ್ಷವಾಯಿತು. ಕೇಳಿದವರಿಗಿಂತ ನಕ್ಕವರೇ ಜಾಸ್ತಿ. ಕಳೆದ ಸೆಪ್ಟೆಂಬರಿನಲ್ಲಿ, ಪಿತೃಪಕ್ಷದ ಒಂದು ಮಂಗಳವಾರ, ಮಿನಿ ಬಸ್ ತುಂಬ ಜನರನ್ನು ಬಿಡದಿಯ ವಂಡರ್‌ಲಾಕ್ಕೆ ಕರೆದುಕೊಂಡು ಹೋಗಿದ್ದೆ. ರೋಲರ್ ಕೋಸ್ಟರಿನಿಂದ ಇಳಿದವರು ಹಾಗೇ ಸುತ್ತಿ ಬಂದು ಮತ್ತೆ ಅದಕ್ಕೇ ಹತ್ತುತ್ತಿದ್ದರು. ಈಗ ಆ ನಕ್ಕವರೇ ಫೋನ್ ಮಾಡಿ "ಯಾವ ದಿನ ಹಾಕಣ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಟಿಕೆಟ್ ಬುಕ್ ಮಾಡೋದು ಹೇಗೆ, ಬ್ಯಾಗಿಗೆ ಏನು ತುಂಬಬೇಕು ಅನ್ನುವುದೆಲ್ಲ ಎಲ್ಲರಿಗೂ ಗೊತ್ತಿರುವುದೇ, ಅದರ ಸುದ್ದಿಗೆ ಹೋಗುವುದಿಲ್ಲ.

ಮೊದಲು ನಾನೂ ಶನಿವಾರ ಭಾನುವಾರದ ಬಾಡಿಗೆಯನ್ನೇ ನಂಬಿಕೊಂಡಿದ್ದವನು. ಅದರಲ್ಲೂ ಆಗಸ್ಟ್ 15ರ ಹಿಂದೆಮುಂದೆ ಸಿಗುವ ಮೂರು ದಿನದ ರಜೆಯ ಪಾಡು ಯಾರಿಗೂ ಬೇಡ. ಒಂದು ಸಲ ಒಂದು ವಾಟರ್ ಪಾರ್ಕಿನಲ್ಲಿ ಟಿಕೆಟ್ ಕೌಂಟರ್ ದಾಟುವುದಕ್ಕೇ ಮುಕ್ಕಾಲು ಗಂಟೆ, ಲಾಕರಿಗೆ ಅರ್ಧ ಗಂಟೆ, ದೊಡ್ಡ ಸ್ಲೈಡಿಗೆ ಒಂದು ಗಂಟೆಯ ಮೇಲೆ. ಸಂಜೆ ಎಣಿಸಿದರೆ ತಲೆಗೆ ಐದೋ ಆರೋ ರೈಡು. ಸಾವಿರದ ಚಿಲ್ಲರೆ ಟಿಕೆಟ್ಟು, ಊಟ, ನನ್ನ ಬಾಡಿಗೆ ಎಲ್ಲ ಸೇರಿಸಿ ಭಾಗ ಮಾಡಿದರೆ ಒಂದು ರೈಡಿಗೆ ಮುನ್ನೂರು ರೂಪಾಯಿ ಬಿದ್ದಿತ್ತು. ಆ ಮನೆಯವರು ಬಾಕಿ ಎರಡು ಸಾವಿರವನ್ನು ನನ್ನ ಮುಖ ನೋಡದೆ ಕೈಗಿಟ್ಟು ಹೋದರು. ಮತ್ತೆ ಆ ಕಡೆಯಿಂದ ಒಂದು ಬಾಡಿಗೆಯೂ ಬರಲಿಲ್ಲ.

ದುಡ್ಡು ಹಾಕಿ ರಶ್ ತಪ್ಪಿಸುವ ದಾರಿಯನ್ನೂ ನೋಡಿದೆ. ಕ್ಯೂ ಬಿಟ್ಟು ಹೋಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟು ಹೆಚ್ಚು ಕಡಿಮೆ ಎರಡರಷ್ಟು ಬೀಳುತ್ತದೆ. ಒಂದು ಭಾನುವಾರ ಗುಂಪಿನಲ್ಲಿ ಅರ್ಧ ಜನ ಅದನ್ನು ತಗೊಂಡರು, ಉಳಿದರ್ಧ ಬೇಡ ಅಂದರು. ಅಕ್ಕನ ಮಕ್ಕಳು ಒಂದು ಸಾಲಿನಲ್ಲಿ, ತಮ್ಮನ ಮಕ್ಕಳು ಇನ್ನೊಂದರಲ್ಲಿ. ಮದ್ದೂರು ತಲುಪುವವರೆಗೂ ಗಾಡಿಯೊಳಗೆ ಅದೇ ಜಗಳ. ಒಬ್ಬರೋ ಇಬ್ಬರೋ ಹೋಗುವುದಾದರೆ ಅದು ಸರಿ. ಇಪ್ಪತ್ತು ಜನಕ್ಕೆ ಅಲ್ಲ.

ಆಮೇಲೆ ಮಳೆಗಾಲ. ಜುಲೈ ತಿಂಗಳ ವಾರದ ದಿನ ಪಾರ್ಕು ಖಾಲಿ ಇರುವುದು ನಿಜವೇ. ಆದರೆ ಗುಡುಗು ಮಿಂಚು ಬಂದರೆ ಎತ್ತರದ ರೈಡು ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಮಂಡ್ಯದಲ್ಲಿ ಬಿಸಿಲು, ರಾಮನಗರ ದಾಟಿದರೆ ಧಾರಾಕಾರ ಮಳೆ. ಮೈಸೂರು ಕಡೆಯದು ಇನ್ನೊಂದು ಕತೆ. ಜಿಆರ್‌ಎಸ್ ಫ್ಯಾಂಟಸಿ ಪಾರ್ಕು ಇರುವುದು ಕೆಆರ್‌ಎಸ್ ರಸ್ತೆಯಲ್ಲಿ. ಕಟ್ಟೆ 124.80 ಅಡಿ ಮುಟ್ಟಿ ಗೇಟು ಎತ್ತಿದರು ಅಂದರೆ ಆ ಭಾನುವಾರ ರಸ್ತೆಯಲ್ಲಿ ಗಾಡಿ ಅಲ್ಲಾಡುವುದಿಲ್ಲ. 2025ರಲ್ಲಿ ಜೂನ್ ಕೊನೆಗೇ ಕನ್ನಂಬಾಡಿ ತುಂಬಿಬಿಟ್ಟಿತು. ಜೂನಿನಲ್ಲಿ ಹಾಗೆ ತುಂಬಿದ್ದು ಅದೇ ಮೊದಲು. ಸೀಸನ್ ಮುಗಿದಿದೆ ಅಂತ ಹಾಕಿಕೊಂಡಿದ್ದ ಒಂದು ಬಾಡಿಗೆ ಪಾಲಹಳ್ಳಿ, ಬೆಳಗೊಳದ ಮೇಲೆ ಸುತ್ತಿಸಿದರೂ ಮಧ್ಯಾಹ್ನ ಮುಟ್ಟಿತು. ಅರ್ಧ ಬಾಡಿಗೆ ನಾನೇ ಬಿಟ್ಟುಕೊಟ್ಟೆ. ಅಂದಿನಿಂದ ಜಲಾಶಯದ ಮಟ್ಟವನ್ನು ಪೇಪರಿನಲ್ಲಿ ರೈತರಿಗಿಂತ ಮೊದಲು ನೋಡುವವನು ನಾನು.

ಇನ್ನು ಕ್ಯಾಲೆಂಡರಿನ ವಿಷಯ. ನಮ್ಮ ಮನೆಯ ಅಡುಗೆಮನೆ ಬಾಗಿಲ ಪಕ್ಕ ನೇತುಹಾಕಿರುವ ಕ್ಯಾಲೆಂಡರಿನಲ್ಲಿ ಮೂರು ಬಣ್ಣದ ಗುರುತಿವೆ. ಕೆಂಪು ಪೆನ್ನಿನಲ್ಲಿ ಶಾಲೆಯ ರಜೆ ಮತ್ತು ಪ್ರವಾಸದ ದಿನಗಳು. ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ, ಆಗ ವಾರದ ದಿನವೂ ವಾರದ ದಿನವಲ್ಲ. ನೀಲಿಯಲ್ಲಿ ಪರೀಕ್ಷೆಗಳು: ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಸೆಪ್ಟೆಂಬರಿನಲ್ಲಿ ಅರ್ಧವಾರ್ಷಿಕ. ಹಸಿರಿನಲ್ಲಿ, ಒಂಟಿಕೊಪ್ಪಲ್ ಪಂಚಾಂಗ ನೋಡಿ, ಲಗ್ನ ಇಲ್ಲದ ದಿನಗಳು: ಆಷಾಢ, ಪಿತೃಪಕ್ಷ, ಅಧಿಕ ಮಾಸ. ಲಗ್ನ ಇಲ್ಲ ಅಂದರೆ ಟಿಟಿಗಳೆಲ್ಲ ಶೆಡ್ಡಿನಲ್ಲಿ ನಿಂತಿರುತ್ತವೆ, ಡ್ರೈವರುಗಳು ಖಾಲಿ ಇರುತ್ತಾರೆ, ಬಾಡಿಗೆ ಇಳಿಸಿದರೂ ಗಿಟ್ಟುತ್ತದೆ. ನೀಲಿಯೂ ಹಸಿರೂ ಒಂದೇ ಚೌಕದೊಳಗೆ ಬಿದ್ದರೆ ಆ ದಿನ ನನ್ನದು. 2025ರಲ್ಲಿ ಪಕ್ಷ ಸೆಪ್ಟೆಂಬರ್ 8ರಿಂದ 21ರ ಮಹಾಲಯ ಅಮಾವಾಸ್ಯೆವರೆಗೆ ಇತ್ತು. ಅದರೊಳಗೇ ಪರೀಕ್ಷೆ. 22ರಿಂದ ದಸರಾ ಶುರು. ಆಮೇಲೆ ಮೈಸೂರಿನ ಕಡೆ ತಲೆ ಹಾಕುವ ಹಾಗೇ ಇಲ್ಲ.

ಇದನ್ನು ಸ್ಟ್ಯಾಂಡಿನಲ್ಲಿ ಹೇಳಿದಾಗ ಹಿರಿಯ ಓನರ್ ಒಬ್ಬರು ಎಲ್ಲರ ಎದುರಿಗೇ ಕೇಳಿದರು: "ಅಲ್ಲ ಕಣ್ಲಾ, ಎಡೆ ಇಕ್ಕೋ ಹೊತ್ನಾಗೆ ಆಟ ಆಡಕ್ಕೆ ಯಾರ್ಲಾ ಬತ್ತರೆ? ಜನ ಬರಕಿಲ್ಲ ಅಂತ ನೀನೇ ಅಂತೀಯ, ನಿನ್ ಗಾಡಿಗೆ ಮಾತ್ರ ಬತ್ತರಾ?"

"ಊರೋರೆಲ್ಲ ಬ್ಯಾಡ ಕಣಣ್ಣ. ನಂಗೆ ಇಪ್ಪತ್ತೈದು ಜನ ಸಾಕು" ಅಂದೆ.

ನನ್ನ ಲೆಕ್ಕವೆಲ್ಲ ಈ ಇಪ್ಪತ್ತೈದು ಜನರದ್ದೇ. ಪಕ್ಷ ಹದಿನೈದು ದಿನವಾದರೂ ಒಂದು ಮನೆಯವರು ಎಡೆ ಇಡುವುದು ಒಂದು ದಿನ, ಬಹಳ ಮನೆಗಳಲ್ಲಿ ಅಮಾವಾಸ್ಯೆಗೇ. ಉಳಿದ ದಿನ ಶುಭಕಾರ್ಯ ಬೇಡ ಅಂತ ಸುಮ್ಮನಿರುತ್ತಾರೆ ಅಷ್ಟೆ. ಪಕ್ಷ ಮಾಡದ ಮನೆಗಳೂ ಬೇಕಾದಷ್ಟಿವೆ. ಮುಸ್ಲಿಮರು, ಕ್ರೈಸ್ತರಿಗೆ ಅದರ ಗೊಡವೆಯೇ ಇಲ್ಲ. ಶಿಫ್ಟಿನಲ್ಲಿ ಕೆಲಸ ಮಾಡುವ ನರ್ಸುಗಳಿಗೆ ಭಾನುವಾರ ರಜೆ ಸಿಗುವುದೇ ಅಪರೂಪ, ವಾರದ ನಡುವಿನ ರಜೆಯಲ್ಲಿ ಅವರನ್ನು ಎಲ್ಲಾದರೂ ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಕಟಿಂಗ್ ಶಾಪಿನವರಿಗೆ ಮಂಗಳವಾರವೇ ರಜೆ. ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮಾತಾಡಿಸಿ ಒಂದು ಬಸ್ಸು ತುಂಬಿಸುವುದಕ್ಕೆ ನನಗೆ ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯಿತು. ಮೊದಮೊದಲು ಹದಿಮೂರು ಸೀಟಿನ ಟಿಟಿಗೆ ಏಳು ಜನ ಹತ್ತಿಸಿಕೊಂಡು ಹೋಗಿ ಡೀಸೆಲ್ಲಿಗೆ ಕೈಯಿಂದ ಹಾಕಿದ್ದೂ ಉಂಟು. ಮಂಡ್ಯದಿಂದ ಬಿಡದಿಗೆ ಹೋಗಿ ಬಂದರೆ ನೂರಮೂವತ್ತು, ನೂರನಲವತ್ತು ಕಿಲೋಮೀಟರು. ಡೀಸೆಲ್ ಸಾವಿರದ ಇನ್ನೂರರ ಆಸುಪಾಸು, ಡ್ರೈವರ್ ಬಾಟಾ ಐನೂರು, ಮೇಲೆ ತಿಂಡಿ. ಶನಿವಾರ ಏಳು ಸಾವಿರ ಹೇಳುವ ಗಾಡಿಯನ್ನು ಮಂಗಳವಾರ ನಾಲ್ಕೂವರೆಗೆ ಕೊಟ್ಟರೂ ಎರಡು ಸಾವಿರದ ಮೇಲೆ ಉಳಿಯುತ್ತದೆ. ಶೆಡ್ಡಿನಲ್ಲಿ ನಿಂತರೆ ಇಎಂಐ ಮಾತ್ರ ಓಡುತ್ತಿರುತ್ತದೆ. ಪಾರ್ಕಿನ ಟಿಕೆಟ್ ದರವೂ ವಾರದ ದಿನ ಕಮ್ಮಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ "ಬಸ್ಸು ಫ್ರೀ ಇರುವಾಗ ನಿನ್ನ ಟಿಟಿ ಯಾಕಪ್ಪ?" ಅಂತ ಅಕ್ಕಂದಿರು ಕೇಳುತ್ತಾರೆ. ಹೊಸ ಹೈವೇ ಹಿಡಿದು ಹೋಗುವ ತಡೆರಹಿತ ಬಸ್ಸು ಬಿಡದಿಯಲ್ಲಿ ನಿಲ್ಲುವುದಿಲ್ಲ, ಹಳೇ ರಸ್ತೆಯ ಬಸ್ಸಿನಲ್ಲಿ ಹೋದರೆ ಗೇಟು ತೆರೆಯುವ ಹೊತ್ತಿಗೆ ಮುಟ್ಟುವುದಿಲ್ಲ. ಇಷ್ಟು ಹೇಳಿದರೆ ಒಪ್ಪುತ್ತಾರೆ.

ಮಂಗಳವಾರವೇ ಯಾಕೆ ಅಂತ ಬಹಳ ಜನ ಕೇಳಿದ್ದಾರೆ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಹೊರಗಿನಿಂದ ಬರುವ ಟೂರ್ ಬಸ್ಸುಗಳು ಅರಮನೆ, ಮೃಗಾಲಯ, ಬೃಂದಾವನ ಮೂರನ್ನೂ ಒಂದೇ ದಿನಕ್ಕೆ ಪೋಣಿಸಿಕೊಂಡು ಬರುತ್ತವೆ. ಒಂದು ತಪ್ಪಿದರೂ ಆ ದಿನವನ್ನೇ ಕೈಬಿಡುತ್ತಾರೆ. ಮೃಗಾಲಯ ಇಲ್ಲದ ಜನ ಪಾರ್ಕಿಗೆ ಬಂದುಬಿಡುತ್ತಾರೆ ಅಂತ ಕೆಲವರ ವಾದ. ನಾನು ಎರಡೂ ದಿನ ಹೋಗಿ ಪಾರ್ಕಿಂಗಿನಲ್ಲಿ ನಿಂತ ಬಸ್ಸುಗಳನ್ನು ಎಣಿಸಿದ್ದೇನೆ, ಬುಧವಾರಕ್ಕಿಂತ ಮಂಗಳವಾರ ಹತ್ತಿರ ಹತ್ತಿರ ಅರ್ಧ. ರಜೆ ಸೀಸನ್ನಿನಲ್ಲಿ ಕೆಲವು ಮಂಗಳವಾರ ಮೃಗಾಲಯ ತೆರೆದಿರುತ್ತದೆ, ಆಗ ಈ ಲೆಕ್ಕ ನಡೆಯುವುದಿಲ್ಲ. ಇನ್ನೊಂದು ಅನುಕೂಲ ಅಂದರೆ ಮಂಗಳವಾರದ ರಾಹುಕಾಲ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಬೆಳಿಗ್ಗೆ ಹೊರಡುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಸೋಮವಾರವಾದರೆ ಏಳೂವರೆಯಿಂದ ಒಂಬತ್ತರವರೆಗೆ ಅಜ್ಜಿಯರು ಹೊಸಿಲು ದಾಟುವುದಿಲ್ಲ, ಸರಿಯಾಗಿ ನಾವು ಹೊರಡುವ ಹೊತ್ತಿಗೇ.

ಪಾರ್ಕಿನೊಳಗೆ ಯಾರೂ ಲೆಕ್ಕಕ್ಕೆ ಹಿಡಿಯದ ಕ್ಯೂ ಅಂದರೆ ಬಟ್ಟೆ ಬದಲಿಸುವ ಜಾಗದ್ದು. ನಮ್ಮ ಕಡೆಯ ಹೆಂಗಸರು ಸೀರೆಯಲ್ಲೋ ಕಾಟನ್ ಚೂಡಿದಾರದಲ್ಲೋ ಬರುತ್ತಾರೆ. ನೀರಿನ ರೈಡಿಗೆ ಕಾಟನ್ ಬಿಡುವುದಿಲ್ಲ, ನೈಲಾನ್ ಥರದ್ದೇ ಆಗಬೇಕು. ಅದನ್ನು ಅಲ್ಲೇ ಕೊಳ್ಳಲು ಒಂದು ಸಾಲು, ಬದಲಿಸಲು ಇನ್ನೊಂದು, ಲಾಕರಿಗೆ ಮತ್ತೊಂದು. ನಾನು ಪೇಟೆ ಬೀದಿಯಲ್ಲಿ ಹೋಲ್‌ಸೇಲಿಗೆ ಮೂವತ್ತು ಜೊತೆ ನೈಲಾನ್ ಟೀ ಶರ್ಟು, ಮುಕ್ಕಾಲು ಪ್ಯಾಂಟು ತಂದೆ. ಜೊತೆಗೆ ಇನ್ನೂರೈವತ್ತರಂತೆ ಏಳೆಂಟು ಸಾವಿರ ಆಯಿತು. ನನ್ನ ಹೆಂಡತಿ ಕಾಲರ್ ಒಳಗೆ ದಾರದ ಗುರುತು ಹಾಕಿದ್ದಾಳೆ: ಕೆಂಪು ದಾರ ಸಣ್ಣ ಸೈಜು, ನೀಲಿ ನಡುವಿನದು, ಬಿಳಿ ದೊಡ್ಡದು. ಹಿಂದಿನ ಸಂಜೆಯೇ ಮನೆಮನೆಗೆ ಕೊಟ್ಟು ಬರುತ್ತೇನೆ, ಬಟ್ಟೆಯ ಒಳಗೆ ಅದನ್ನು ಹಾಕಿಕೊಂಡೇ ಗಾಡಿ ಹತ್ತುತ್ತಾರೆ. ಮೇಲಿನದನ್ನು ಕಳಚಿ ಚೀಲಕ್ಕೆ ತುಂಬಿ ನಾಲ್ಕು ಜನಕ್ಕೆ ಒಂದು ಲಾಕರ್, ಐದು ನಿಮಿಷದ ಕೆಲಸ. ವಾಪಸ್ ಬರುವಾಗ ಕಿಟಕಿಯ ಸರಳಿಗೆ ಕಟ್ಟಿದರೆ ಚನ್ನಪಟ್ಟಣದ ಹೊತ್ತಿಗೆ ಒಣಗಿರುತ್ತದೆ. ಈ ಏಳೆಂಟು ಸಾವಿರ ನಾನು ಈ ಧಂದೆಯಲ್ಲಿ ಹಾಕಿದ ದುಡ್ಡಿನಲ್ಲೆಲ್ಲ ಒಳ್ಳೆಯ ದುಡ್ಡು.

ಹೊಟ್ಟೆಯ ವಿಷಯವೂ ಇದೆ. ಒಂದರಿಂದ ಎರಡೂವರೆವರೆಗೆ ಎಲ್ಲರೂ ಊಟದ ಸಾಲಿನಲ್ಲಿರುತ್ತಾರೆ, ಆಗಲೇ ರೈಡು ಖಾಲಿ. ಅದಕ್ಕೆ ಬಿಡದಿಯಲ್ಲಿ ಒಂಬತ್ತೂವರೆಗೆ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿನ್ನಿಸಿ, ಊಟವನ್ನು ಮೂರಕ್ಕೆ ತಳ್ಳುತ್ತೇನೆ. ಗೇಟು ತೆರೆದ ತಕ್ಷಣ ಕಣ್ಣೆದುರಿಗೆ ಸಿಗುವ ರೈಡಿಗೆ ನಿಲ್ಲಬಾರದು. ಸೀದಾ ಹಿಂದಿನ ತುದಿಗೆ ಹೋಗಿ ಅಲ್ಲಿಂದ ಈಚೆಗೆ ಬರಬೇಕು. ಕೊನೆಯ ಒಂದೂವರೆ ಗಂಟೆಯಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಯಾವ ಅಮಾವಾಸ್ಯೆಗೆ ಪಾರ್ಕಿಗೆ ಗಾಡಿ ಹಾಕುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ; ಅದು ಹೊಟ್ಟೆಪಾಡು.

ಈ ನಡುವೆ ಒಂದೆರಡು ಬೇರೆ ಪ್ರಯೋಗಗಳನ್ನೂ ಮಾಡಿದೆ. 2023ರ ನವೆಂಬರ್ 19, ಭಾನುವಾರ, ಅಹಮದಾಬಾದಿನಲ್ಲಿ ವರ್ಲ್ಡ್ ಕಪ್ ಫೈನಲ್. ಮ್ಯಾಚ್ ಶುರು ಮಧ್ಯಾಹ್ನ ಎರಡಕ್ಕೆ. ಕ್ರಿಕೆಟ್ಟಿನ ಗೊಡವೆ ಇಲ್ಲದ ಒಂದು ಸ್ತ್ರೀಶಕ್ತಿ ಸಂಘದವರನ್ನು ಹಿಡಿದು ಹೊರಟೆ. ಹನ್ನೆರಡರವರೆಗೆ ಮಾಮೂಲಿ ಭಾನುವಾರದ ಜಂಗುಳಿ. ಒಂದು ಗಂಟೆಯಿಂದ ಹುಡುಗರ ಗುಂಪುಗಳು ಒಂದೊಂದಾಗಿ ಹೊರಬಿದ್ದವು, ಎರಡೂವರೆಗೆ ನಮ್ಮ ಅಕ್ಕಂದಿರು ವೇವ್ ಪೂಲಿನಲ್ಲಿ ಕೈ ಹಿಡಿದುಕೊಂಡು ವೃತ್ತ ಕಟ್ಟಿ ಕುಣಿಯುತ್ತಿದ್ದರು. ಚೆನ್ನಾಗಿತ್ತು, ಆದರೆ ಅಂಥ ಭಾನುವಾರ ನಾಲ್ಕು ವರ್ಷಕ್ಕೊಂದು. ಹೊಸತೊಡಕಿನ ದಿನ ಹೋಗೋಣ ಅಂತಲೂ ನೋಡಿದೆ. 2024ರಲ್ಲಿ ಯುಗಾದಿ ಮಂಗಳವಾರ, ಹೊಸತೊಡಕು ಬುಧವಾರ. ಬಾಡಿನ ಊಟ ಬಿಟ್ಟು ಬರಲು ಯಾರೂ ಒಪ್ಪಲಿಲ್ಲ, ಕೊನೆಗೆ ಮಾಂಸ ತಿನ್ನದ ಎರಡು ಮನೆಯವರೇ ಹೊರಟರು. ಪಾರ್ಕು ಆರಾಮಾಗಿತ್ತು. ಡ್ರೈವರೇ ಸಿಗದೆ ನಾನೇ ಓಡಿಸಿದೆ, ಸಂಜೆ ಮನೆಗೆ ಬಂದು ತಣ್ಣಗಿನ ಸಾರು ಉಂಡೆ.

ಕಳೆದ ಅಕ್ಟೋಬರಿನಲ್ಲಿ ಇನ್ನೊಂದು ಅವಕಾಶ ಸಿಕ್ಕಿತು. ರಾಜ್ಯದ ಜಾತಿವಾರು ಸಮೀಕ್ಷೆಗಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ಮುಂದುವರಿಸಿದರು. ಖಾಸಗಿ ಶಾಲೆಗಳಲ್ಲಿ ಪಾಠ ಶುರುವಾಗಿತ್ತು. ಆದೇಶ ಬಂದ ರಾತ್ರಿಯೇ ಕೆರಗೋಡು ಕಡೆಯ ಪರಿಚಯದವರಿಗೆಲ್ಲ ಫೋನ್ ಮಾಡಿದೆ. ನಮ್ಮ ಸರ್ಕಾರಿ ಶಾಲೆಯ ಮಕ್ಕಳು ವಾರದ ದಿನ, ವಾರದ ದರದಲ್ಲಿ, ಸಾಲಿನಲ್ಲಿ ನಿಲ್ಲದೆ ಆಡಿಕೊಂಡು ಬಂದರು. ಮಂಡ್ಯದಲ್ಲಿ ಆ ವಾರ ಪಾರ್ಕಿಗೆ ಗಾಡಿ ತುಂಬಿಸಿದವನು ನನಗೆ ಗೊತ್ತಿರುವ ಮಟ್ಟಿಗೆ ನಾನೊಬ್ಬನೇ.

ಈ ವರ್ಷ, 2026ರಲ್ಲಿ, ಜ್ಯೇಷ್ಠ ಅಧಿಕ. ಮೇ 17ರಿಂದ ಜೂನ್ 15ರವರೆಗೆ ಲಗ್ನವಿಲ್ಲ. ಜೂನ್ ಮೊದಲ ವಾರ ಶಾಲೆಯಲ್ಲಿ ಪುಸ್ತಕ, ಯೂನಿಫಾರಂ ಗದ್ದಲದ ಹೊತ್ತು; ದೊಡ್ಡ ಮಳೆಯೂ ಹಿಡಿದಿರುವುದಿಲ್ಲ. ಎರಡು ಮಂಗಳವಾರ ಹಿಡಿದಿದ್ದೇನೆ: ಜೂನ್ 2 ಮೈಸೂರಿಗೆ, 9 ಬಿಡದಿಗೆ. ಬಿಡದಿಯ ಬಸ್ಸು ತುಂಬಿದೆ, ಮೈಸೂರಿನದರಲ್ಲಿ ಇನ್ನೂ ಆರೇಳು ಸೀಟು ಬಾಕಿ.